12345654321: ಒಂದು ದೊಡ್ಡ ಸಂಖ್ಯೆಯ ಗುಣಗಳನ್ನು ಕೈಲೆಕ್ಕದಿಂದಲೇ ಕಂಡುಕೊಳ್ಳುವ ಕ್ರಮ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಗುಣಾಕಾರದ ಅಭ್ಯಾಸಕ್ಕೆಂದು ಕೊಟ್ಟಿರುವ ಲೆಕ್ಕಗಳ ನಡುವೆ ಇದೊಂದು ಲೆಕ್ಕವಿದೆ: 27994681 × 441 = 12345654321. ಉತ್ತರದ ಅಂಕಿಗಳು ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಮತ್ತೆ ಒಂದಕ್ಕೆ ಇಳಿಯುತ್ತವೆ. ನಡುವೆ ಪದಕವಿಟ್ಟು ಎರಡೂ ಬದಿಗೆ ಸಮನಾಗಿ ಮಣಿ ಪೋಣಿಸಿದ ಹಾಗೆ ಕಾಣುವ ಇಂಥ ಗುಣಲಬ್ಧಗಳನ್ನು ಆಚಾರ್ಯರು ಕೊರಳಿನ ಆಭರಣಕ್ಕೆ, ಅಂದರೆ ಕಂಠಿಕೆಗೆ ಹೋಲಿಸಿದ್ದಾರೆ.

ಈ ಲೇಖನದಲ್ಲಿ ಆ ಹಾರವನ್ನು ಬಿಚ್ಚಿ, ಮಣಿಗಳನ್ನು ಎಣಿಸಿ ನೋಡೋಣ. ದೊಡ್ಡ ಪೂರ್ಣಸಂಖ್ಯೆಯೊಂದು ಎದುರಿಗೆ ಬಂದಾಗ ಅದು ಯಾವ ಯಾವ ಗುಂಪಿಗೆ ಸೇರುತ್ತದೆ, ಯಾವುದಕ್ಕೆ ಸೇರುವುದಿಲ್ಲ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಪತ್ತೆಹಚ್ಚುವುದು ಹೇಗೆ ಎಂಬುದೇ ಇಲ್ಲಿನ ವಿಷಯ. ಹೈಸ್ಕೂಲಿನ ಗಣಿತ ನೆನಪಿದ್ದರೆ ಸಾಕು. ಚೌಕಳಿ ಹಾಳೆ, ಪೆನ್ಸಿಲ್, ತಾಳೆ ನೋಡುವುದಕ್ಕೆ ಅಂಗಡಿಗಳಲ್ಲಿ ಬಳಸುವ 12 ಅಂಕಿಯ ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ. 8 ಅಂಕಿಯದಾದರೆ ಈ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ. ಇನ್ನೊಂದು ಮಾತು: ಕನ್ನಡದಲ್ಲಿ ‘ವರ್ಗ’ ಎಂಬ ಪದಕ್ಕೆ ಎರಡು ಅರ್ಥಗಳಿರುವುದರಿಂದ, ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವುದನ್ನು ಮಾತ್ರ ಇಲ್ಲಿ ವರ್ಗ ಎಂದು ಕರೆದಿದ್ದೇನೆ, ವಿಂಗಡಣೆಯ ಅರ್ಥದಲ್ಲಿ ‘ಗುಂಪು’ ಎಂದೇ ಬರೆದಿದ್ದೇನೆ.

ಮೊದಲ ಹೆಜ್ಜೆ: ಸಂಖ್ಯೆಯನ್ನು ಸರಿಯಾಗಿ ಬರೆದುಕೊಳ್ಳುವುದು

ಇದು ತೀರಾ ಸಣ್ಣ ಸಂಗತಿಯೆಂದು ಅನ್ನಿಸಬಹುದು, ಆದರೆ ದೊಡ್ಡ ಸಂಖ್ಯೆಗಳ ಲೆಕ್ಕದಲ್ಲಿ ಆಗುವ ತಪ್ಪುಗಳಲ್ಲಿ ಬಹಳಷ್ಟು ಇಲ್ಲಿಯೇ ಹುಟ್ಟುತ್ತವೆ. ನಮ್ಮ ರೂಢಿಯಂತೆ ಅಲ್ಪವಿರಾಮ ಹಾಕಿದರೆ ಈ ಸಂಖ್ಯೆ 12,34,56,54,321 ಆಗುತ್ತದೆ. ಓದುವಾಗ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಟ್ಟು 11 ಅಂಕಿಗಳು. ಏಕ, ದಶ, ಶತದಿಂದ ತೊಡಗಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಮಹಾವೀರಾಚಾರ್ಯರು ಹೆಸರು ಕೊಟ್ಟಿದ್ದಾರೆ; ಅವರ ಪಟ್ಟಿಯಲ್ಲಿ ಹನ್ನೊಂದನೆಯ ಸ್ಥಾನದ ಹೆಸರು ಅರ್ಬುದ. ಎಡತುದಿಯ ಒಂದು ಕುಳಿತಿರುವುದು ಆ ಅರ್ಬುದ ಸ್ಥಾನದಲ್ಲಿ.

ಓದುವುದಕ್ಕೆ ಅನುಕೂಲವಾದ ಈ ಅಲ್ಪವಿರಾಮಗಳು ಭಾಜ್ಯತೆಯ ಪರೀಕ್ಷೆಗೆ ಅಡ್ಡಿಯಾಗುತ್ತವೆ, ಏಕೆಂದರೆ ಮುಂದೆ ನಮಗೆ ಮೂರು ಮೂರು ಅಂಕಿಗಳ ತುಂಡುಗಳು ಬೇಕು. ಆದ್ದರಿಂದ ಕೆಳಗಿನ ಸಾಲಿನಲ್ಲಿ ಅದೇ ಸಂಖ್ಯೆಯನ್ನು ಬಲದಿಂದ ಎಡಕ್ಕೆ ಮೂರು ಮೂರಾಗಿ ಕತ್ತರಿಸಿ ಇನ್ನೊಮ್ಮೆ ಬರೆಯಿರಿ: 12 | 345 | 654 | 321. ವರ್ಗಮೂಲ ತೆಗೆಯುವುದಕ್ಕೆ ಎರಡೆರಡಾಗಿ ಕತ್ತರಿಸಿದ ಮತ್ತೊಂದು ಸಾಲು: 1 | 23 | 45 | 65 | 43 | 21. ಎಡದಿಂದ ಕತ್ತರಿಸಲು ಹೊರಟರೆ ಮೊದಲ ತುಂಡಿನಲ್ಲೇ ಲೆಕ್ಕ ಕೆಡುತ್ತದೆ.

ಎರಡನೆಯ ಹೆಜ್ಜೆ: ಅಂಕಿಗಳನ್ನು ಮಾತ್ರ ನೋಡಿ ಹೇಳಬಹುದಾದದ್ದು

ಬಿಡಿ ಸ್ಥಾನದಲ್ಲಿ 1 ಇರುವುದರಿಂದ ಸಂಖ್ಯೆ ಬೆಸ; ಅದೇ ಕಾರಣಕ್ಕೆ 5ರಿಂದ ಭಾಗವಾಗುವುದಿಲ್ಲ. ‘ವಿಕಟಕವಿ’ ಎಂಬ ಪದದ ಹಾಗೆ ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವುದರಿಂದ ಇದು ಗತಪ್ರತ್ಯಾಗತ ಸಂಖ್ಯೆ. ಅಂಕಿಗಳ ಮೊತ್ತ 36.

ಈ 36 ಸಿಕ್ಕ ಕೂಡಲೇ ಇನ್ನೊಂದು ಗುಂಪಿನ ವಿಚಾರವನ್ನೂ ತೀರ್ಮಾನಿಸಬಹುದು. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದ. ರಾ. ಕಾಪ್ರೇಕರ್ ಅವರು, ತನ್ನ ಅಂಕಿಗಳ ಮೊತ್ತದಿಂದ ತಾನೇ ಭಾಗವಾಗುವ ಸಂಖ್ಯೆಗೆ ಹರ್ಷದ ಸಂಖ್ಯೆ ಎಂದು ಹೆಸರಿಟ್ಟರು. ನಮ್ಮ ಸಂಖ್ಯೆ ಬೆಸ, 36 ಸಮ. ಬೆಸ ಸಂಖ್ಯೆಯೊಂದು ಸಮ ಸಂಖ್ಯೆಯಿಂದ ಶೇಷವಿಲ್ಲದೆ ಭಾಗವಾಗುವುದು ಸಾಧ್ಯವಿಲ್ಲವಾದ್ದರಿಂದ ಇದು ಹರ್ಷದ ಸಂಖ್ಯೆಯಲ್ಲ. ಭಾಗಾಕಾರವನ್ನೇ ಮಾಡದೆ ಹೀಗೆ ತೀರ್ಮಾನಕ್ಕೆ ಬರುವ ಅವಕಾಶವಿದೆಯೇ ಎಂದು ಪ್ರತಿ ಹೆಜ್ಜೆಯಲ್ಲೂ ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಅಂಕಿಗಳಿಂದ ಹೇಳುವ ಗುಣಗಳೆಲ್ಲ ನಾವು ಹತ್ತರ ಪದ್ಧತಿಯಲ್ಲಿ ಬರೆಯುವುದರಿಂದ ಬಂದವು ಎಂಬುದನ್ನು ಗಮನದಲ್ಲಿಡಿ. ಇದೇ ಪ್ರಮಾಣವನ್ನು ಬೇರೊಂದು ಪದ್ಧತಿಯಲ್ಲಿ ಬರೆದರೆ ಹಿಂದುಮುಂದು ಒಂದೇ ಆಗಿರುವ ಸೊಗಸು ಉಳಿಯಬೇಕೆಂದಿಲ್ಲ. ಇನ್ನು ಮುಂದೆ ಬರುವ ಅಪವರ್ತನಗಳ ಗುಣಗಳಾದರೋ ಬರವಣಿಗೆಯನ್ನು ಅವಲಂಬಿಸಿಲ್ಲ; ಅವು ಸಂಖ್ಯೆಗೇ ಸೇರಿದವು.

ಮೂರನೆಯ ಹೆಜ್ಜೆ: ಪೂರ್ಣ ವರ್ಗವೇ ಎಂದು ನೋಡುವುದು

ಅಪವರ್ತನಗಳನ್ನು ಹುಡುಕಲು ಹೊರಡುವ ಮುನ್ನ ಈ ಪರೀಕ್ಷೆಯನ್ನು ಮಾಡಿಬಿಡುವುದು ಲಾಭಕರ, ಏಕೆಂದರೆ ಸಂಖ್ಯೆ ಪೂರ್ಣ ವರ್ಗವೆಂದು ಗೊತ್ತಾದರೆ ಉಳಿದ ಕೆಲಸ ಅರ್ಧಕ್ಕಿಂತ ಎಷ್ಟೋ ಕಡಿಮೆಯಾಗುತ್ತದೆ. ಪೂರ್ಣ ವರ್ಗದ ಕೊನೆಯ ಅಂಕಿ 2, 3, 7, 8 ಆಗಿರುವುದಿಲ್ಲ. ಅಂಕಿಗಳನ್ನು ಕೂಡುತ್ತ ಒಂದೇ ಅಂಕಿಗೆ ಇಳಿಸಿದರೆ 1, 4, 7, 9 ಇವುಗಳಲ್ಲೊಂದು ಬರಲೇಬೇಕು. ನಮ್ಮಲ್ಲಿ ಕೊನೆಯ ಅಂಕಿ 1, ಇಳಿಸಿದಾಗ 9. ಎರಡೂ ಅನುಕೂಲವಾಗಿವೆ, ಆದರೆ ಇಷ್ಟರಿಂದಲೇ ವರ್ಗವೆಂದು ಹೇಳುವಂತಿಲ್ಲ. ಎಂಟನೆಯ ತರಗತಿಯಲ್ಲಿ ಕಲಿತ ಭಾಗಾಕಾರ ಕ್ರಮದಲ್ಲಿ ವರ್ಗಮೂಲವನ್ನು ತೆಗೆಯಬೇಕು.

ಎರಡೆರಡಾಗಿ ಕತ್ತರಿಸಿದ ಸಾಲನ್ನು ತೆಗೆದುಕೊಳ್ಳಿ. ಮೊದಲ ತುಂಡು 1. ಅದರ ಮೂಲ 1, ಶೇಷ 0. ಮುಂದಿನ 23ನ್ನು ಕೆಳಗಿಳಿಸಿ; ಇದುವರೆಗಿನ ಮೂಲವನ್ನು ಇಮ್ಮಡಿಸಿದರೆ 2, ಅದರ ಪಕ್ಕದಲ್ಲಿ 1 ಇಟ್ಟು 21 × 1 = 21, ಶೇಷ 2. ಮುಂದೆ 245, ಮೂಲ 11 ಆಗಿರುವುದರಿಂದ ಇಮ್ಮಡಿ 22, ಭಾಜಕ 221, ಶೇಷ 24. ಮುಂದೆ 2465, ಭಾಜಕ 2221, ಶೇಷ 244. ಮುಂದೆ 24443, ಭಾಜಕ 22221, ಶೇಷ 2222. ಕೊನೆಯ ತುಂಡು 21ನ್ನು ಇಳಿಸಿದಾಗ 222221, ಭಾಜಕವೂ 222221. ಶೇಷ 0. ಪ್ರತಿ ಸಲವೂ ಭಾಗಲಬ್ಧದಲ್ಲಿ ಒಂದೇ ಬಂದು, ಕೊನೆಯಲ್ಲಿ ಭಾಜ್ಯವೂ ಭಾಜಕವೂ ಒಂದೇ ಆಗಿ ನಿಲ್ಲುವ ಈ ಲೆಕ್ಕವನ್ನು ಹಾಳೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಒಮ್ಮೆ ಬರೆದು ನೋಡಬೇಕು. ಓದಿ ತಿಳಿಯುವುದಕ್ಕಿಂತ ಹೆಚ್ಚಿನ ಸಂತೋಷ ಅದರಲ್ಲಿದೆ.

ಹೀಗೆ 12345654321 = 111111². ಕಾರಣವೂ ಸರಳವಾಗಿದೆ. 111111ನ್ನು 111111ರಿಂದ ಉದ್ದನೆಯ ಗುಣಾಕಾರದಲ್ಲಿ ಗುಣಿಸಿದಾಗ ಅದೇ ಸಾಲು ಆರು ಸಲ, ಪ್ರತಿ ಸಲವೂ ಒಂದು ಸ್ಥಾನ ಎಡಕ್ಕೆ ಸರಿದು ಬರುತ್ತದೆ. ಬಿಡಿ ಸ್ಥಾನದಲ್ಲಿ ಒಂದು ಒಂದಿದೆ, ಹತ್ತರ ಸ್ಥಾನದಲ್ಲಿ ಎರಡು, ನಟ್ಟನಡುವಿನ ಸ್ಥಾನದಲ್ಲಿ ಆರು, ಅಲ್ಲಿಂದಾಚೆಗೆ ಮತ್ತೆ ಇಳಿಕೆ. ಯಾವ ಸ್ಥಾನದಲ್ಲೂ ಮೊತ್ತ ಹತ್ತನ್ನು ಮುಟ್ಟದೆ ಇರುವುದರಿಂದ ದಶಕವನ್ನು ಮುಂದಕ್ಕೆ ಒಯ್ಯುವ ಪ್ರಸಂಗವೇ ಬರುವುದಿಲ್ಲ. ಒಂಬತ್ತು ಒಂದುಗಳವರೆಗೂ ಈ ಚೆಲುವು ಉಳಿಯುತ್ತದೆ. ಹತ್ತು ಒಂದುಗಳ ವರ್ಗ 1234567900987654321 ಆಗಿ ಹಾರದ ನಡುವಿನ ಮಣಿಗಳು ಕದಡುತ್ತವೆ. ಅಂಕಿಗಳ ಗುಣಗಳು ಹತ್ತರ ಪದ್ಧತಿಗೆ ಸೇರಿದವು ಎಂದು ಮೇಲೆ ಹೇಳಿದೆನಷ್ಟೆ. ಇಲ್ಲಿ ಅದಕ್ಕೊಂದು ಸೊಗಸಾದ ಸೇರ್ಪಡೆಯಿದೆ. ಏಳು ಅಥವಾ ಅದಕ್ಕಿಂತ ಹೆಚ್ಚಿನ ಯಾವುದೇ ಆಧಾರದ ಪದ್ಧತಿಯಲ್ಲಿ ಇದೇ ಹನ್ನೊಂದು ಅಂಕಿಗಳನ್ನು ಬರೆದರೂ, ಪ್ರಮಾಣ ಬೇರೆಯಾದೀತೇ ಹೊರತು, ಅದು ಆ ಪದ್ಧತಿಯ 111111ರ ವರ್ಗವಾಗಿಯೇ ಇರುತ್ತದೆ.

ನಾಲ್ಕನೆಯ ಹೆಜ್ಜೆ: ಭಾಜ್ಯತೆಯ ಪರೀಕ್ಷೆಗಳು

ವರ್ಗಮೂಲ ಸಿಕ್ಕಿರುವುದರಿಂದ 111111ನ್ನೇ ಒಡೆದರೂ ಸಾಕು. ಆದರೆ ಎಲ್ಲ ಸಂಖ್ಯೆಗಳೂ ವರ್ಗಗಳಾಗಿರುವುದಿಲ್ಲವಾದ್ದರಿಂದ, ವರ್ಗಮೂಲ ಗೊತ್ತಿಲ್ಲವೆಂದೇ ಭಾವಿಸಿ ದೊಡ್ಡ ಸಂಖ್ಯೆಯ ಮೇಲೆಯೇ ಕೆಲಸ ಮಾಡುವ ಕ್ರಮವನ್ನು ತೋರಿಸುತ್ತೇನೆ.

ಅಂಕಿಗಳ ಮೊತ್ತ 36 ಆಗಿರುವುದರಿಂದ 9ರಿಂದ ಭಾಗವಾಗುತ್ತದೆ. ಇನ್ನು ಮೂರು ಮೂರಾಗಿ ಕತ್ತರಿಸಿದ ಸಾಲಿಗೆ ಬನ್ನಿ. ಬಲದಿಂದ ಆರಂಭಿಸಿ ತುಂಡುಗಳನ್ನು ಒಂದು ಬಿಟ್ಟು ಒಂದರಂತೆ ಕೂಡುತ್ತ ಕಳೆಯುತ್ತ ಹೋದರೆ 321 − 654 + 345 − 12 = 0. ಸಾವಿರವೆಂಬುದು 1001ಕ್ಕಿಂತ ಒಂದು ಕಡಿಮೆ ಇರುವುದರಿಂದ, ಹೀಗೆ ಬಂದ ಉತ್ತರವು ಸಂಖ್ಯೆಯನ್ನು 1001ರಿಂದ ಭಾಗಿಸಿದಾಗಿನ ಶೇಷದಂತೆಯೇ ವರ್ತಿಸುತ್ತದೆ. 1001 = 7 × 11 × 13. ಆದ್ದರಿಂದ ಒಂದೇ ಸಾಲಿನ ಕೂಡುಕಳೆಯಿಂದ ಏಳು, ಹನ್ನೊಂದು, ಹದಿಮೂರು ಮೂರರ ವಿಚಾರವೂ ತೀರಿತು. ಏಳರ ಭಾಜ್ಯತೆಗೆ ಸುಲಭದ ನಿಯಮವಿಲ್ಲ ಎಂದು ಬೇಸರಿಸುವವರಿಗೆ ಇದಕ್ಕಿಂತ ಒಳ್ಳೆಯ ನಿಯಮವನ್ನು ನಾನು ಕಂಡಿಲ್ಲ.

ಅದೇ ತುಂಡುಗಳನ್ನು ಕಳೆಯದೆ ಬರೀ ಕೂಡಿದರೆ 321 + 654 + 345 + 12 = 1332. ಸಾವಿರವು 999ಕ್ಕಿಂತ ಒಂದು ಹೆಚ್ಚು; 999 = 27 × 37. ಆದ್ದರಿಂದ ಈ ಮೊತ್ತ 37 ಹಾಗೂ 27ರ ವಿಚಾರವನ್ನು ಹೇಳುತ್ತದೆ. 1332 = 36 × 37 ಆಗಿರುವುದರಿಂದ ನಮ್ಮ ಸಂಖ್ಯೆ 37ರಿಂದ ಭಾಗವಾಗುತ್ತದೆ; 1332 ಎಂಬುದು 27ರಿಂದ ಭಾಗವಾಗುವುದಿಲ್ಲವಾದ್ದರಿಂದ ಮೂರರ ಘಾತ ಎರಡಕ್ಕೇ ನಿಲ್ಲುತ್ತದೆ.

ಐದನೆಯ ಹೆಜ್ಜೆ: ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವುದು

ಮೊದಲು 9ರಿಂದ ಭಾಗಿಸಿ: 12345654321 ÷ 9 = 1371739369. ಇದನ್ನು 1001ರಿಂದ ಭಾಗಿಸಿದರೆ 1370369. ಒಂದು ಸಂಖ್ಯೆಯನ್ನು 1001ರಿಂದ ಗುಣಿಸುವುದೆಂದರೆ ಅದರ ಮುಂದೆ ಮೂರು ಸೊನ್ನೆ ಬರೆದು ಅದೇ ಸಂಖ್ಯೆಯನ್ನು ಮತ್ತೆ ಕೂಡಿಸುವುದಷ್ಟೇ ಆದ್ದರಿಂದ ತಾಳೆ ನೋಡುವುದು ಬಹಳ ಸುಲಭ: 1370369000 + 1370369 = 1371739369. ಇಲ್ಲಿಗೆ ನಿಲ್ಲಬೇಡಿ. ಒಂದು ಅಪವರ್ತನ ಸಿಕ್ಕ ಮೇಲೆ ಅದೇ ಅಪವರ್ತನ ಮತ್ತೆ ಇದೆಯೇ ಎಂದು ನೋಡದೆ ಮುಂದೆ ಹೋಗುವುದು ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು. 1 | 370 | 369 ಎಂದು ಕತ್ತರಿಸಿ ನೋಡಿದರೆ 369 − 370 + 1 = 0; ಅಂದರೆ 1001 ಇನ್ನೊಮ್ಮೆ ಹೋಗುತ್ತದೆ. ಭಾಗಲಬ್ಧ 1369, ಅದು 37ರ ವರ್ಗ.

ಕೊನೆಗೆ ಸಿಕ್ಕ ಫಲಿತಾಂಶವನ್ನು ಹಾಳೆಯ ಮೇಲ್ತುದಿಯಲ್ಲಿ ದೊಡ್ಡದಾಗಿ ಬರೆದಿಟ್ಟುಕೊಳ್ಳಿ, ಇನ್ನು ಮುಂದಿನ ಎಲ್ಲ ಹೆಜ್ಜೆಗಳೂ ಇದನ್ನೇ ಆಧರಿಸಿವೆ:

12345654321 = 3² × 7² × 11² × 13² × 37²

ಇಷ್ಟು ಸಲೀಸಾಗಿ ಒಡೆಯದ ಸಂಖ್ಯೆಯಾಗಿದ್ದರೆ ಏನಾಗುತ್ತಿತ್ತು ಎಂಬುದನ್ನೂ ತಿಳಿದಿರಬೇಕು. ಒಂದು ಸಂಖ್ಯೆ ಅವಿಭಾಜ್ಯವೆಂದು ನೇರ ಭಾಗಾಕಾರದಿಂದ ಸಾಧಿಸಬೇಕಾದರೆ ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕು. ಇಷ್ಟೇ ದೊಡ್ಡ ಸಂಖ್ಯೆಗೆ ಆ ಮಿತಿ 1,11,111ರ ಆಸುಪಾಸಿನಲ್ಲಿರುತ್ತದೆ. ಒಂದು ಲಕ್ಷದೊಳಗೇ 9,592 ಅವಿಭಾಜ್ಯಗಳಿವೆ. ಆದ್ದರಿಂದಲೇ ಕೈಲೆಕ್ಕದಲ್ಲಿ ಬಲಪ್ರಯೋಗಕ್ಕಿಂತ ಮೊದಲು ಸಂಖ್ಯೆಯ ರಚನೆಯನ್ನು ನೋಡಬೇಕು ಎಂದು ನಾನು ಮತ್ತೆ ಮತ್ತೆ ಹೇಳುವುದು.

ಈಗ ಮಹಾವೀರಾಚಾರ್ಯರ ಲೆಕ್ಕದ ಕಡೆಗೆ ಒಮ್ಮೆ ಹಿಂತಿರುಗಿ ನೋಡಿ. 441 ಎಂದರೆ 21², ಅಂದರೆ 3² × 7². ಉಳಿದ 11, 13, 37ನ್ನು ಗುಣಿಸಿದರೆ 5291. ಅದರ ವರ್ಗ 27994681. ಅವರು ಕೊಟ್ಟ ಗುಣ್ಯವೂ ಗುಣಕವೂ ಎರಡೂ ಪೂರ್ಣ ವರ್ಗಗಳು. ನೋಡುವವರ ಕಣ್ಣಿಗೆ ಯಾವುದೋ ಎಂಟಂಕಿಯ ಸಂಖ್ಯೆಯಂತೆ ಕಾಣುವ 27994681ರ ಒಳಗೆ ಅಷ್ಟು ಅಚ್ಚುಕಟ್ಟಾದ ಜೋಡಣೆಯಿದೆ.

ಆರನೆಯ ಹೆಜ್ಜೆ: ಅಪವರ್ತನಗಳೆಷ್ಟು?

ಯಾವುದೇ ಅಪವರ್ತನವನ್ನು ಕಟ್ಟುವಾಗ ಮೂರನ್ನು ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಹೀಗೆ ಮೂರು ಆಯ್ಕೆಗಳು. ಉಳಿದ ನಾಲ್ಕು ಅವಿಭಾಜ್ಯಗಳಿಗೂ ಹಾಗೆಯೇ. ಒಟ್ಟು 3 × 3 × 3 × 3 × 3 = 243 ಅಪವರ್ತನಗಳು. ಇದು ಬೆಸ ಸಂಖ್ಯೆಯಾಗಿರುವುದು ಆಕಸ್ಮಿಕವಲ್ಲ: ಅಪವರ್ತನಗಳು ಜೋಡಿ ಜೋಡಿಯಾಗಿ ಬರುತ್ತವೆ, ಪೂರ್ಣ ವರ್ಗದಲ್ಲಿ ಮಾತ್ರ ವರ್ಗಮೂಲವು ತನಗೆ ತಾನೇ ಜೋಡಿಯಾಗಿ ಒಂಟಿಯಾಗಿ ಉಳಿಯುತ್ತದೆ.

ಏಳನೆಯ ಹೆಜ್ಜೆ: ಸಮೃದ್ಧವೇ, ನ್ಯೂನವೇ, ಪರಿಪೂರ್ಣವೇ?

ಗ್ರೀಕರ ಕಾಲದಿಂದಲೂ ಸಂಖ್ಯೆಗಳನ್ನು ಹೀಗೆ ಮೂರು ಗುಂಪುಗಳಾಗಿ ವಿಂಗಡಿಸುವ ರೂಢಿಯಿದೆ. ಸಂಖ್ಯೆಯ ಎಲ್ಲ ಅಪವರ್ತನಗಳನ್ನು, ಆ ಸಂಖ್ಯೆಯನ್ನೂ ಸೇರಿಸಿ, ಕೂಡಿಸಬೇಕು. ಮೊತ್ತವು ಸಂಖ್ಯೆಯ ಎರಡರಷ್ಟಿದ್ದರೆ ಅದು ಪರಿಪೂರ್ಣ, ಕಡಿಮೆಯಿದ್ದರೆ ನ್ಯೂನ, ಹೆಚ್ಚಿದ್ದರೆ ಸಮೃದ್ಧ. 6ರ ಅಪವರ್ತನಗಳ ಮೊತ್ತ 1 + 2 + 3 + 6 = 12, ಆದ್ದರಿಂದ 6 ಪರಿಪೂರ್ಣ. ಬೆಸ ಸಂಖ್ಯೆಗಳಲ್ಲಿ ಬಹುಪಾಲು ನ್ಯೂನ ಸಂಖ್ಯೆಗಳೇ; ಮೊದಲ ಬೆಸ ಸಮೃದ್ಧ ಸಂಖ್ಯೆ ಸಿಗಬೇಕಾದರೆ 945ರವರೆಗೆ ಕಾಯಬೇಕು. ನಮ್ಮ ಸಂಖ್ಯೆ ಎರಡರಿಂದಲೂ ಐದರಿಂದಲೂ ಭಾಗವಾಗುವುದಿಲ್ಲವಾದ್ದರಿಂದ ಅದು ನ್ಯೂನವೆಂದೇ ಯಾರಿಗಾದರೂ ತೋರುತ್ತದೆ. ಲೆಕ್ಕ ಮಾಡಿಯೇ ನೋಡೋಣ.

243 ಅಪವರ್ತನಗಳನ್ನು ಒಂದೊಂದಾಗಿ ಬರೆದು ಕೂಡುವ ಅಗತ್ಯವಿಲ್ಲ. ಪ್ರತಿ ಅವಿಭಾಜ್ಯಕ್ಕೂ ಒಂದು, ಅದು, ಅದರ ವರ್ಗ ಈ ಮೂರನ್ನು ಕೂಡಿ, ಬಂದ ಐದು ಮೊತ್ತಗಳನ್ನು ಗುಣಿಸಿದರಾಯಿತು.

1 + 3 + 9 = 13
1 + 7 + 49 = 57
1 + 11 + 121 = 133
1 + 13 + 169 = 183
1 + 37 + 1369 = 1407

13 × 57 = 741. ಅದನ್ನು 133ರಿಂದ ಗುಣಿಸಿದರೆ 98,553. ಅದನ್ನು 183ರಿಂದ ಗುಣಿಸಿದರೆ 1,80,35,199. ಇಲ್ಲಿ ಕ್ಷಣಕಾಲ ನಿಲ್ಲಿ. ಇದುವರೆಗೆ ನಾವು ಮೂರು, ಏಳು, ಹನ್ನೊಂದು, ಹದಿಮೂರರ ವರ್ಗಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ. ಅವುಗಳ ಗುಣಲಬ್ಧ 3003², ಅಂದರೆ 90,18,009. ಅದರ ಎರಡರಷ್ಟು 1,80,36,018. ಅಪವರ್ತನಗಳ ಮೊತ್ತ ಇದಕ್ಕಿಂತ ಬರೀ 819 ಕಡಿಮೆ. ಒಂದೂ ಮುಕ್ಕಾಲು ಕೋಟಿಯನ್ನು ದಾಟಿದ ಮೊತ್ತದಲ್ಲಿ ಎಂಟುನೂರ ಹತ್ತೊಂಬತ್ತರ ಕೊರತೆಯಿಂದ 3003² ಪರಿಪೂರ್ಣತೆಯ ಹೊಸ್ತಿಲಲ್ಲೇ ನಿಂತುಬಿಟ್ಟಿದೆ.

ಈ ಕೊರತೆಯನ್ನು 1638ರಲ್ಲಿ ಫ್ರಾನ್ಸಿನ ತತ್ತ್ವಜ್ಞ, ಗಣಿತಜ್ಞ ರೆನೆ ಡೇಕಾರ್ಟ್ ಬಳಸಿಕೊಂಡ ಬಗೆ ನನಗೆ ಅತ್ಯಂತ ಪ್ರಿಯವಾದ ಸಂಗತಿ. 1,80,36,018ನ್ನು ಆ 819ರಿಂದ ಭಾಗಿಸಿದರೆ ಸರಿಯಾಗಿ 22022 ಬರುತ್ತದೆ. ಅದಕ್ಕಿಂತ ಒಂದು ಕಡಿಮೆಯಿರುವ 22021 ಅವಿಭಾಜ್ಯ ಸಂಖ್ಯೆಯಾಗಿದ್ದಿದ್ದರೆ, 3003²ನ್ನು ಅದರಿಂದ ಗುಣಿಸಿ ಪಡೆದ 1,98,58,55,76,189 ಎಂಬುದು ಬೆಸ ಪರಿಪೂರ್ಣ ಸಂಖ್ಯೆಯೇ ಆಗಿಬಿಡುತ್ತಿತ್ತು ಎಂದು ಅವರು ಫ್ರಾನ್ಸಿನ ಪಾದ್ರಿ, ಗಣಿತಜ್ಞ ಮರ್ಸೆನ್ ಅವರಿಗೆ ಬರೆದ ಪತ್ರದಲ್ಲಿ ತೋರಿಸಿದರು. 22021 ಅವಿಭಾಜ್ಯವಲ್ಲ, ಅದು 19² × 61. ಬೆಸ ಪರಿಪೂರ್ಣ ಸಂಖ್ಯೆ ಇದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ. ಇದ್ದರೆ ಅದು ಹತ್ತರ 1500ನೆಯ ಘಾತಕ್ಕಿಂತ ದೊಡ್ಡದಾಗಿರಬೇಕೆಂದು 2012ರಲ್ಲಿ ಸಾಧಿಸಲಾಗಿದೆ.

ಡೇಕಾರ್ಟರ ಲೆಕ್ಕದಿಂದ ನಮ್ಮ ಸಂಖ್ಯೆಯ ಗುಂಪು ಕೂಡ ತೀರ್ಮಾನವಾಗುತ್ತದೆ. 3003²ಕ್ಕೆ ಹೊಸದಾಗಿ ಸೇರಿಸುವ ಅವಿಭಾಜ್ಯವು 22021ಕ್ಕಿಂತ ಚಿಕ್ಕದಾಗಿದ್ದರೆ ಸಾಕು, 819ರ ಕೊರತೆ ತುಂಬಿ ಮೊತ್ತ ಎರಡರಷ್ಟನ್ನು ಮೀರುತ್ತದೆ. ನಮ್ಮಲ್ಲಿ ಸೇರುತ್ತಿರುವುದು 37, ಅದೂ ಎರಡು ಸಲ. 1,80,35,199 × 1407 = 25,37,55,24,993. ಸಂಖ್ಯೆಯ ಎರಡರಷ್ಟು 24,69,13,08,642. ಮೊತ್ತವು 68,42,16,351ರಷ್ಟು ಹೆಚ್ಚಾಗಿದೆ. ಆದ್ದರಿಂದ 12345654321 ಬೆಸ ಸಮೃದ್ಧ ಸಂಖ್ಯೆ. ಅದರ ವರ್ಗಮೂಲ 111111ರ ಅಪವರ್ತನಗಳ ಮೊತ್ತ 4 × 8 × 12 × 14 × 38 = 2,04,288; ಇದು 2,22,222ಕ್ಕಿಂತ ಕಡಿಮೆ. ಮೂಲ ನ್ಯೂನವಾಗಿದ್ದು, ಅದರ ವರ್ಗ ಸಮೃದ್ಧವಾಗಿದೆ.

ಇಲ್ಲಿ ತಾಳೆ ನೋಡುವುದಕ್ಕೆ ಒಂದು ಸುಲಭ ಉಪಾಯವಿದೆ. ಬೆಸ ಸಂಖ್ಯೆಯ ವರ್ಗಕ್ಕೆ ಬೆಸ ಅಪವರ್ತನಗಳೇ ಇರುತ್ತವೆ, ಅವುಗಳ ಎಣಿಕೆಯೂ ಬೆಸ. ಆದ್ದರಿಂದ ಮೊತ್ತ ಬೆಸವಾಗಿರಲೇಬೇಕು. ನಿಮ್ಮ ಉತ್ತರದ ಕೊನೆಯಲ್ಲಿ ಸಮ ಅಂಕಿ ಬಂದಿದ್ದರೆ ಗುಣಾಕಾರದಲ್ಲಿ ಎಲ್ಲೋ ತಪ್ಪಿದೆ. ಸಂಖ್ಯೆಯ ಎರಡರಷ್ಟೆಂಬುದು ಯಾವಾಗಲೂ ಸಮವಾದ್ದರಿಂದ ಬೆಸ ಪೂರ್ಣ ವರ್ಗವೊಂದು ಎಂದಿಗೂ ಪರಿಪೂರ್ಣ ಸಂಖ್ಯೆಯಾಗಲಾರದು ಎಂಬುದೂ ಇದರಿಂದಲೇ ತಿಳಿಯುತ್ತದೆ.

ಬೇಗನೆ ತೀರುವ ಕೆಲವು ಪರೀಕ್ಷೆಗಳು

ಪ್ರತಿ ಅವಿಭಾಜ್ಯವೂ ಎರಡು ಸಲ ಬಂದಿರುವುದರಿಂದ ಇದು ವರ್ಗಮುಕ್ತ ಸಂಖ್ಯೆಯಲ್ಲ. ತ್ರಿಕೋನ ಸಂಖ್ಯೆಯೇ, ಅಂದರೆ 1 + 2 + 3 + … ಎಂದು ಕೂಡುತ್ತ ಹೋದಾಗ ಸಿಗುವ ಮೊತ್ತಗಳಲ್ಲೊಂದೇ ಎಂದು ನೋಡಲು ಎಂಟರಿಂದ ಗುಣಿಸಿ ಒಂದನ್ನು ಕೂಡಿ, ಪೂರ್ಣ ವರ್ಗ ಬರುತ್ತದೆಯೇ ನೋಡಬೇಕು: 98765234569. ಇದು 314269 ಹಾಗೂ 314270ರ ವರ್ಗಗಳ ನಡುವೆ ಬೀಳುವುದರಿಂದ ಪೂರ್ಣ ವರ್ಗವಲ್ಲ, ಆದ್ದರಿಂದ ನಮ್ಮ ಸಂಖ್ಯೆ ತ್ರಿಕೋನ ಸಂಖ್ಯೆಯಲ್ಲ. ಹಿಂದಿನ ಎರಡನ್ನು ಕೂಡಿ ಮುಂದಿನದನ್ನು ಪಡೆಯುವ 1, 1, 2, 3, 5, 8… ಎಂಬ ಹೇಮಚಂದ್ರ–ಫಿಬೊನಾಚಿ ಸರಣಿಯಲ್ಲಿ 49ನೆಯದು 7778742049, 50ನೆಯದು 12586269025. ಇವೆರಡರ ನಡುವೆ ಇರುವುದರಿಂದ ಆ ಸರಣಿಗೂ ಸೇರುವುದಿಲ್ಲ. ಇದಕ್ಕಿಂತ ಚಿಕ್ಕದಾಗಿದ್ದು ಇದರೊಡನೆ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳೆಷ್ಟು ಎಂಬುದಕ್ಕೆ ಉತ್ತರ 111111 × 2 × 6 × 10 × 12 × 36 = 5,75,99,94,240; ಪ್ರತಿ ಅವಿಭಾಜ್ಯದಿಂದ ಒಂದನ್ನು ಕಳೆದು ಗುಣಿಸುವುದೇ ಇಲ್ಲಿನ ಕ್ರಮ. ಒಂದನ್ನು ಈ ಸಂಖ್ಯೆಯಿಂದ ಭಾಗಿಸಿ ದಶಮಾಂಶದಲ್ಲಿ ಬರೆದರೆ 2,22,222 ಅಂಕಿಗಳ ಗುಚ್ಛವೊಂದು ಮತ್ತೆ ಮತ್ತೆ ಆವರ್ತಿಸುತ್ತದೆ.

ಎಂಟನೆಯ ಹೆಜ್ಜೆ: ಎರಡು ವರ್ಗಗಳ ಮೊತ್ತವಾಗಿ ಬರೆಯುವುದು

ನಾಲ್ಕರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯಗಳು ಎರಡು ವರ್ಗಗಳ ಮೊತ್ತವಾಗುತ್ತವೆ, ಶೇಷ 3 ಬರುವವು ಆಗುವುದಿಲ್ಲ. ನಮ್ಮಲ್ಲಿ 13 ಮತ್ತು 37 ಮೊದಲ ಬಗೆಯವು. 3, 7, 11 ಎರಡನೆಯ ಬಗೆಯವು. ಎರಡನೆಯ ಬಗೆಯವುಗಳ ಘಾತಾಂಕ ಸಮವಾಗಿರುವುದರಿಂದ ಅಡ್ಡಿಯಿಲ್ಲ; ಅವುಗಳನ್ನು 3 × 7 × 11 = 231 ಎಂದು ಪಕ್ಕಕ್ಕಿಟ್ಟು 13 × 37 = 481ರ ಮೇಲೆ ಕೆಲಸ ಮಾಡಬೇಕು. 13 ವಿಕರ್ಣವಾಗಿರುವ ಲಂಬಕೋನ ತ್ರಿಭುಜದ ಬಾಹುಗಳು 5, 12. 37ಕ್ಕೆ 12, 35. ಇವನ್ನು ಅಡ್ಡಡ್ಡವಾಗಿ ಗುಣಿಸಿ 12 × 35 − 5 × 12 = 360, 5 × 35 + 12 × 12 = 319 ಎಂದು ಒಂದು ಜೋಡಿಯನ್ನೂ, 12 × 35 + 5 × 12 = 480, 5 × 35 − 12 × 12 = 31 ಎಂದು ಇನ್ನೊಂದನ್ನೂ ಪಡೆಯಬಹುದು. ಚಿಕ್ಕ ತ್ರಿಭುಜಗಳನ್ನು ಹಿಗ್ಗಿಸಿದರೆ 185, 444 ಹಾಗೂ 156, 455 ಎಂಬ ಮತ್ತೆರಡು ಜೋಡಿಗಳು ಸಿಗುತ್ತವೆ. ಈ ನಾಲ್ಕನ್ನೂ 231ರಿಂದ ಗುಣಿಸಿದರೆ ವಿಕರ್ಣ 111111 ಇರುವ ನಾಲ್ಕು ತ್ರಿಭುಜಗಳಾದವು. ಉದಾಹರಣೆಗೆ 31 ಮತ್ತು 480ರಿಂದ 7161, 110880. ಅವುಗಳ ವರ್ಗಗಳು 51279921, 12294374400. ಕೂಡಿದರೆ ಸರಿಯಾಗಿ 12345654321. ಮಹಾವೀರಾಚಾರ್ಯರು ಇದೇ ಬಗೆಯ ಸಮಸ್ಯೆಯಲ್ಲಿ ಕರ್ಣ 65 ಇರುವ ಆಯತಗಳನ್ನು ಹುಡುಕಿ 39–52, 25–60, 33–56, 16–63 ಎಂಬ ನಾಲ್ಕನ್ನು ಕೊಟ್ಟಿದ್ದಾರೆ. 65 = 5 × 13 ಆಗಿರುವುದರಿಂದ ಅಲ್ಲಿಯೂ ನಾಲ್ಕೇ.

ಇನ್ನೊಂದು ಸಂಖ್ಯೆ, ನಿಮ್ಮ ಅಭ್ಯಾಸಕ್ಕೆ

ಒಂಬತ್ತು ಒಂದುಗಳ ವರ್ಗವಾದ 12345678987654321ನ್ನು ತೆಗೆದುಕೊಳ್ಳಿ. ಇದರಲ್ಲಿ 17 ಅಂಕಿಗಳಿರುವುದರಿಂದ 12 ಅಂಕಿಯ ಕ್ಯಾಲ್ಕುಲೇಟರ್ ಕೆಲಸಕ್ಕೆ ಬರುವುದಿಲ್ಲ. ಎಕ್ಸೆಲ್ ಹಾಳೆಯಲ್ಲಿ ಹಾಕಿದರೆ ಅದು 15 ಅಂಕಿಗಳನ್ನು ಮಾತ್ರ ಉಳಿಸಿಕೊಂಡು ಕೊನೆಯ ಎರಡು ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. ಆದ್ದರಿಂದ ಪರೀಕ್ಷೆಗಳನ್ನು ಹಾಳೆಯ ಮೇಲೆಯೇ ಮಾಡಿ. ಮೂರು ಮೂರಾಗಿ ಕತ್ತರಿಸಿ ಕೂಡಿದರೆ 2997, ಅಂದರೆ 999ರ ಮೂರರಷ್ಟು. ಕೂಡುತ್ತ ಕಳೆಯುತ್ತ ಹೋದರೆ 309, ಅದು 7, 11, 13 ಯಾವುದರಿಂದಲೂ ಭಾಗವಾಗುವುದಿಲ್ಲ. ವರ್ಗಮೂಲ 111111111ನ್ನು 9ರಿಂದಲೂ 37ರಿಂದಲೂ ಭಾಗಿಸಿದ ಮೇಲೆ 333667 ಉಳಿಯುತ್ತದೆ. ಅದು ಅವಿಭಾಜ್ಯವೆಂದು ತೋರಿಸಲು 577ರವರೆಗಿನ 106 ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಾಗುತ್ತದೆ. ಆದರೆ 333667 ಎಂಬುದು 999999999ರ ಅಪವರ್ತನವಾಗಿದ್ದು, 3ರಿಂದಾಗಲಿ 37ರಿಂದಾಗಲಿ ಭಾಗವಾಗದೆ ಇರುವುದರಿಂದ, ಅದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 18ರಿಂದ ಭಾಗಿಸಿದರೆ ಶೇಷ 1 ಬರಬೇಕೆಂದು, ಘಾತಗಳನ್ನು ಅವಿಭಾಜ್ಯದಿಂದ ಭಾಗಿಸಿದಾಗ ಬರುವ ಶೇಷವನ್ನು ಕುರಿತ ಫರ್ಮಾ ಅವರ ಪ್ರಮೇಯದಿಂದ ಸಿಗುತ್ತದೆ. ಹಾಗಾಗಿ ನೋಡಬೇಕಾದವು 19, 73, 109, 127, 163, 181, 199, 271, 307, 379, 397, 433, 487, 523, 541, 577 ಈ ಹದಿನಾರು ಮಾತ್ರ. ಯಾವುದೂ ಹೋಗುವುದಿಲ್ಲ. ಕೊನೆಗೆ ನಿಮಗೆ 3⁴ × 37² × 333667² ಬರಬೇಕು, ಅಪವರ್ತನಗಳು 45 ಆಗಬೇಕು, ಮತ್ತು ಹಾರ ಇನ್ನೂ ಉದ್ದವಾಗಿದ್ದರೂ ಈ ಸಂಖ್ಯೆ ನ್ಯೂನವೆಂದೇ ಕಾಣಬೇಕು.